ನೀರಿದ್ದೂ ಬಾಯಾರುವ ಬೇರು

ಜೀವಶಾಸ್ತ್ರದ ಮೂಲಪಾಠಗಳ ಪುನರಾವರ್ತನೆಯೆಂದರೆ ನಮ್ಮ ಶಾಲೆಗಳಲ್ಲಿ ವ್ಯಾಖ್ಯೆಗಳ ಪಾರಾಯಣವೆಂದೇ ಅರ್ಥವಾಗಿದೆ. ತುರ್ವಿಹಾಳದ ಹುಡುಗನೂ ಮಂಗಳೂರಿನ ಹುಡುಗಿಯೂ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ: ಅರೆಪಾರಕ ಪೊರೆಯ ಮೂಲಕ ನೀರು ತೆಳು ದ್ರಾವಣದಿಂದ ಗಾಢ ದ್ರಾವಣಕ್ಕೆ ಹರಿಯುವುದೇ ಅಭಿಸರಣೆ. ಅಂಕವೇನೋ ಸಿಕ್ಕಿತು, ವಿದ್ಯೆ ಸಿಕ್ಕಿತೇ?

1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಸಿಂಧನೂರು ಸೀಮೆಯನ್ನು ಭತ್ತದ ಕಣಜವಾಗಿಸಿತು. ಆದರೆ ಬಸಿಯಲು ದಾರಿಯಿಲ್ಲದ ಎರೆನೆಲದಲ್ಲಿ ಅಂತರ್ಜಲ ಮೇಲೇರಿತು. ನೀರು ಆವಿಯಾಗಿ ಹೋಯಿತು, ಉಪ್ಪು ಉಳಿಯಿತು. ಅಂಥ ಹೊಲದಲ್ಲಿ ಪೈರು ತೇವದಲ್ಲಿದ್ದೂ ಬಾಯಾರುತ್ತದೆ. ಬೇರಿನ ಕೋಶರಸಕ್ಕಿಂತ ಮಣ್ಣಿನ ನೀರೇ ಗಾಢವಾದರೆ ಬೇರು ಹೀರುವುದೆಂತು? ಬಾಯಿಪಾಠವಾದ ಅಭಿಸರಣೆ ಇದೇ ಅಲ್ಲವೇ?

‘ಇಡೀ ನಾಡಿಗೆ ಒಂದೇ ಪರೀಕ್ಷೆ, ಊರೂರಿಗೆ ಬೇರೆ ಪಾಠವೆಲ್ಲಿಂದ?’ ಎನ್ನುವವರುಂಟು. ತತ್ತ್ವ ಒಂದೇ ಇರಲಿ, ಬೇಡವೆಂದವರಾರು? ಉದಾಹರಣೆ ಊರಿನದಾಗಲಿ. ಎರಡು ಲೋಟ ನೀರು, ಎರಡು ಹೋಳು ಆಲೂಗಡ್ಡೆ, ಒಂದು ಲೋಟಕ್ಕೆ ಹಿಡಿ ಉಪ್ಪು: ಪ್ರಯೋಗದ ಖರ್ಚು ಇಷ್ಟೇ. ಉಪ್ಪುನೀರಿನ ಹೋಳು ಮೆತ್ತಗಾದಾಗ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಲಿ.

ಬಸಿಗಾಲುವೆ ತೋಡದೆ ಉಪ್ಪುನೆಲಕ್ಕೆ ಇನ್ನಷ್ಟು ನೀರು ಕಟ್ಟುವ ರೈತನನ್ನು ದೂರುವ ಮುನ್ನ, ಅವನಿಗೆ ಅಭಿಸರಣೆ ಕಲಿಸಿಯೂ ಹೊಲ ತೋರಿಸದ ಶಾಲೆಯನ್ನು ಕೇಳೋಣ.