ಅಟ್ಟದ ಮೇಲಿನ ಪತ್ತೇದಾರರು

ಖಾನಾಪುರದ ವಾಚಕರೊಬ್ಬರು ನಮಗೊಂದು ಸಂಕಟವನ್ನು ಬರೆದು ತಿಳಿಸಿದ್ದಾರೆ. ಮಳೆಗಾಲಕ್ಕೆ ಮುಂಚೆ ಅಟ್ಟವನ್ನು ಝಾಡಿಸುವಾಗ ಸ್ವರ್ಗಸ್ಥರಾದ ಅವರ ತಂದೆಯವರ ಟ್ರಂಕೊಂದು ದೊರೆಯಿತಂತೆ. ಲೋಂಢಾ ಸ್ಟೇಶನ್ನಿನಲ್ಲಿ ನೌಕರಿ ಮಾಡಿದ ಆ ಹಿರಿಯರು ಮಕ್ಕಳೆದುರಿಗೆ ಭಾಗವತವನ್ನಲ್ಲದೆ ಬೇರೆ ಪುಸ್ತಕವನ್ನು ಹಿಡಿದವರಲ್ಲ. ಟ್ರಂಕಿನೊಳಗಾದರೋ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು, ಬಾಬೂರಾವ ಅರ್ನಾಳಕರರ ಮರಾಠಿ ರಹಸ್ಯಕಥೆಗಳು, ರಟ್ಟು ಹೋದ ಬ್ಲ್ಯಾಕ್ ಮಾಸ್ಕ್ ಎಂಬ ಅಮೇರಿಕೆಯ ಮಾಸಿಕದ ಒಂದು ಸಂಚಿಕೆ! ಕೆಲವುಗಳ ಮೇಲೆ ಬೆಳಗಾವಿಯ ಬಾಡಿಗೆ ವಾಚನಾಲಯವೊಂದರ ನೇರಳೆ ಮುದ್ರೆಯೂ ಇದೆಯಂತೆ. (ಮರಳಿ ಕೊಡದ ಪುಸ್ತಕಗಳ ಪಾಪವನ್ನು ಈಗ ಯಾರೂ ಲೆಕ್ಕಕ್ಕೆ ಹಿಡಿಯಲಾರರು.) "ಇವನ್ನು ರದ್ದಿಗೆ ಹಾಕಲೋ, ಮೊಮ್ಮಕ್ಕಳ ಕೈಗೆ ಕೊಡಲೋ?" ಎಂದು ಕೇಳುತ್ತಾರೆ.

ಮೊದಲು ಆ ಅಮೇರಿಕೆಯ ಮಾಸಿಕದ ಮಾತು. ಮರದ ತಿರುಳಿನ ಒರಟು ಕಾಗದದ ಮೇಲೆ ಅಚ್ಚಾಗಿ ಅಗ್ಗದ ಬೆಲೆಗೆ ಮಾರಾಟವಾಗುತ್ತಿದ್ದುದರಿಂದ ಇಂಥವುಗಳಿಗೆ 'ಪಲ್ಪ್' ಎಂದೇ ಹೆಸರು. 1920ರಲ್ಲಿ ಹುಟ್ಟಿ 1951ರಲ್ಲಿ ನಿಂತುಹೋದ ಬ್ಲ್ಯಾಕ್ ಮಾಸ್ಕ್ ಅವುಗಳೊಳಗೆ ಪ್ರಖ್ಯಾತವಾದುದು. ಅದಕ್ಕೆ ಹಿಂದಿನ ಪತ್ತೇದಾರರು ಹೆಚ್ಚಾಗಿ ಶೆರ್ಲಾಕ್ ಹೋಮ್ಸನ ಗೋತ್ರದವರು. ಚುಟ್ಟದ ಬೂದಿಯನ್ನು ಪರೀಕ್ಷಿಸಿ, ಹೆಜ್ಜೆಗುರುತನ್ನು ಅಳೆದು, ಅಪರಾಧಿಯನ್ನು ಒಪ್ಪಿಸಿಬಿಟ್ಟರೆ ಲೋಕವು ಮೊದಲಿನಂತೆ ಸುಸೂತ್ರವಾಗುತ್ತಿತ್ತು. 1923ರಲ್ಲಿ ಕ್ಯಾರೊಲ್ ಜಾನ್ ಡೇಲಿ ಎಂಬವನು ಪಿಸ್ತೂಲನ್ನೇ ನೆಚ್ಚಿದ ಒರಟು ಪತ್ತೇದಾರನನ್ನು ಈ ಮಾಸಿಕದಲ್ಲಿ ತಂದನು. ಅವನ ಕಥೆಗಳಲ್ಲಿ ಗುಂಡಿನ ಸಪ್ಪಳ ಹೆಚ್ಚು, ಸತ್ವ ಕಡಿಮೆಯೆಂದು ನಮ್ಮ ಅಭಿಪ್ರಾಯ. ಅದೇ ವರ್ಷದ ಅಕ್ಟೋಬರದಲ್ಲಿ ಡ್ಯಾಶಿಯಲ್ ಹ್ಯಾಮೆಟನ ಪತ್ತೇದಾರನು ಕಾಣಿಸಿಕೊಂಡನು. ಹ್ಯಾಮೆಟನು ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯಲ್ಲಿ ಸ್ವತಃ ಚಾಕರಿ ಮಾಡಿದವನು. ಆದುದರಿಂದಲೇ ಅವನ ನಾಯಕನು ವೀರನೂ ಅಲ್ಲ, ಪಂಡಿತನೂ ಅಲ್ಲ. ಹೆಸರೇ ಇಲ್ಲದ, ಕುಳ್ಳಾದ, ದಪ್ಪಗಿನ, ಸಂಬಳಕ್ಕೆ ದುಡಿಯುವ ನಡುಹರೆಯದ ನೌಕರನು.

ಅವು ಅಮೇರಿಕೆಯಲ್ಲಿ ಪಾನನಿರೋಧದ ವರ್ಷಗಳು, 1920ರಿಂದ 1933ರವರೆಗೆ. ಕಳ್ಳಸಾರಾಯಿಯ ಹಣವು ಅಲ್ಲಲ್ಲಿ ಪೋಲೀಸರನ್ನೂ ನಗರದ ಅಧಿಕಾರಿಗಳನ್ನೂ ಕೊಂಡುಕೊಂಡಿತ್ತು. 1929ರಲ್ಲಿ ಪುಸ್ತಕವಾಗಿ ಬಂದ ಹ್ಯಾಮೆಟನ 'ರೆಡ್ ಹಾರ್ವೆಸ್ಟ್' ಕಾದಂಬರಿಯಲ್ಲಿ ಇಡೀ ಊರೇ ಕೆಟ್ಟಿದೆ. ಒಬ್ಬ ಕೊಲೆಗಾರನು ಸಿಕ್ಕಮಾತ್ರಕ್ಕೆ ಆ ಊರು ಶುದ್ಧವಾಗುವಂತಿಲ್ಲ.

ಈಗ ಲೋಂಢೆಗೆ ಬರೋಣ. ಬೆಳಗಾವಿ ಜಿಲ್ಲೆಯು 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. 1949ರ ಮುಂಬಯಿ ಪಾನನಿರೋಧ ಕಾಯಿದೆಯು ಇಲ್ಲಿಗೂ ಅನ್ವಯಿಸುತ್ತಿತ್ತು. ಘಟ್ಟದ ಕೆಳಗಿನ ಗೋವೆಯಾದರೋ 1961ರ ಡಿಸೆಂಬರದವರೆಗೆ ಪೋರ್ತುಗೀಜರದು. ಅಲ್ಲಿ ಫೆನ್ನಿಗೆ ಅಡ್ಡಿಯಿರಲಿಲ್ಲ. ಜಾಂಬೋಟಿ, ಕಣಕುಂಬಿಗಳ ಕಾಡುದಾರಿಯೂ, ಲೋಂಢಾದಿಂದ ಕ್ಯಾಸಲ್‌ರಾಕಿನ ಮೇಲೆ ಇಳಿಯುವ ರೈಲುದಾರಿಯೂ ಆ ಗಡಿಗೇ ಮುಟ್ಟುತ್ತಿದ್ದವು. ಒಂದು ಕಡೆಗೆ ಕಾಯಿದೆ, ಇನ್ನೊಂದು ಕಡೆಗೆ ಪೀಪಾಯಿ ಇದ್ದ ಮೇಲೆ ನಡುವಿನ ಕಾಡಿನಲ್ಲಿ ಏನು ನಡೆದೀತೆಂಬುದನ್ನು ಸ್ಟೇಶನ್ನಿನ ನೌಕರನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹ್ಯಾಮೆಟನ ಊರು ಆ ಹಿರಿಯರಿಗೆ ಪರದೇಶವೆನಿಸಿರಲಿಕ್ಕಿಲ್ಲ.

ನಮ್ಮವರ ಕಥೆಗಳು ಇಷ್ಟು ಕಹಿಯಾದವುಗಳಲ್ಲ. ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಕಲಿತ ನರಸಿಂಹಯ್ಯನವರು ಐದು ನೂರಕ್ಕೂ ಮಿಕ್ಕಿ ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮನಿಗಾಗಿ ಕಾದು ಕುಳಿತ ಓದುಗರು ಅಸಂಖ್ಯರು. 'ಕಾಳಾ ಪಹಾಡ'ನನ್ನು ಸೃಷ್ಟಿಸಿದ ಅರ್ನಾಳಕರರ ಪುಸ್ತಕಗಳು ಸಾವಿರವನ್ನು ದಾಟಿದವು. ಅವಸರದ ಬರವಣಿಗೆಯೆಂಬುದು ನಿಜ. ಆದರೆ ದಪ್ಪ ಗ್ರಂಥಕ್ಕೆ ಹೆದರುವವನನ್ನೂ ದೀಪದ ಮುಂದೆ ಕೂಡ್ರಿಸಿದ ಬರವಣಿಗೆಯೂ ಅದೇ.

ಆದುದರಿಂದ, ಮಹಾಶಯರೇ, ರದ್ದಿಗೆ ಹಾಕಬೇಡಿರಿ. ಈ ಬಗೆಯ ಕಾಗದವು ಬೆಳಕಿಗೆ ಹಳದಿಯಾಗಿ, ಮಡಿಚಿದಲ್ಲಿ ಮುರಿಯುತ್ತದೆ. ನಿಮ್ಮ ಸೀಮೆಯ ಮಳೆಗಂತೂ ಬೂಸಲು ಹಿಡಿಯಲು ತಡವಿಲ್ಲ. ನೆರಳಿನಲ್ಲಿ ಗಾಳಿಗೆ ಒಣಗಿಸಿ, ಹರಿದಲ್ಲಿ ಪ್ಲಾಸ್ಟಿಕ್ಕಿನ ಅಂಟುಪಟ್ಟಿಯನ್ನು ಹಚ್ಚದೆ, ಕಪಾಟಿನೊಳಗೆ ಗೋಡೆಗೆ ತಾಗದಂತೆ ಇಡಿರಿ. ಮೊಮ್ಮಕ್ಕಳಿಗೆ ಮೊದಲು ನರಸಿಂಹಯ್ಯನವರನ್ನು ಕೊಡಿರಿ. ಹ್ಯಾಮೆಟನು ಕಾಲೇಜಿಗೆ ಹೋಗುವ ವಯಸ್ಸಿಗೆ ಇರಲಿ. ಪ್ರತಿ ಪುಸ್ತಕದ ನಡುವಿನಲ್ಲಿಯೇ ತಂದೆಯವರು ಅಪರಾಧಿಯ ಹೆಸರನ್ನು ಊಹಿಸಿ ಪೆನ್ಸಿಲಿನಿಂದ ಅಂಚಿಗೆ ಬರೆದಿರುವರೆಂದು ತಿಳಿಸಿದ್ದೀರಿ. ಆ ಪುಟಗಳ ಮೇಲೆ ಮಾತ್ರ, ಮಕ್ಕಳು ಓದಿ ಮುಗಿಸುವವರೆಗೆ, ಒಂದು ಚೀಟಿಯನ್ನು ಮುಚ್ಚಿಡಿರಿ.