ಐರಿಶ್ ಪಾಸ್‌ಪೋರ್ಟು, ಆಳಂದ ಕಡೆಯ ದಾಲ್ ಮಿಲ್ಲು



ಮಗ ಪರದೇಶದ ಪೌರತ್ವ ಪಡೆದ ಮೇಲೂ ಊರಿನ ಕಂಪನಿಯ ಕಾಗದದಲ್ಲಿ ಅವನನ್ನು ‘ಭಾರತೀಯ’ ಎಂದೇ ಮುಂದುವರಿಸುವುದನ್ನು ನಮ್ಮ ಕಡೆ ಯಾರೂ ತಪ್ಪೆಂದು ತಿಳಿದಿಲ್ಲ. ಇದು ತಪ್ಪು. ಆದರೆ ಬೈಗುಳವೆಲ್ಲ ಮನೆಯವರ ಪಾಲಿಗೇ ಹೋಗಬಾರದು, ದೆಹಲಿಗೂ ಒಂದಿಷ್ಟು ಸಲ್ಲಬೇಕು ಎಂಬ ಕಾರಣಕ್ಕೆ ಈ ಪತ್ರ.

ನಾನು ತೊಗರಿ ವ್ಯಾಪಾರದ ಲೆಕ್ಕ ಬರೆಯುತ್ತಲೇ ಮುದುಕನಾದವನು. ನಂಟರೊಬ್ಬರ ದಾಲ್ ಮಿಲ್ಲಿನ ಕಾಗದಪತ್ರ ನೋಡುವ ಪ್ರಸಂಗ ಬಂತು. ಪ್ರೈವೇಟ್ ಲಿಮಿಟೆಡ್ ಕಂಪನಿ. ತಂದೆ ಮತ್ತು ಇಬ್ಬರು ಮಕ್ಕಳು ನಿರ್ದೇಶಕರು. ಹಿರಿಯ ಮಗ ಡಬ್ಲಿನ್‌ನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದು ಐರಿಶ್ ಪೌರನಾಗಿದ್ದಾನೆ. ನಿರ್ದೇಶಕರ ನಮೂನೆಯಲ್ಲಿ ಕೇಳುವುದು ಇಷ್ಟು: ಭಾರತದ ಪ್ರಜೆಯೇ? ರಾಷ್ಟ್ರೀಯತೆ ಯಾವುದು? ಭಾರತದ ನಿವಾಸಿಯೇ? ಹಳೆಯ ಉತ್ತರಗಳೇ ಹಾಗೇ ಕೂತಿದ್ದವು. ಫೋನಿನಲ್ಲಿ ಕೇಳಿದರೆ, “ಕಾಕಾ, ನನ್ನ ಹಂತ್ಯಾಕ ಒಸಿಐ ಕಾರ್ಡ್ ಅದ, ನಾ ಎರಡೂ ಕಡಿ ಪ್ರಜಾ” ಅಂದ. “ಖಜೂರ್ಯಾಗ ಹುಟ್ಟಿದಾಂವ ಐರಿಶ್ ಹ್ಯಾಂಗ ಆಗ್ತಾನ?” ಎಂದು ಅವರಪ್ಪ ನನ್ನನ್ನೇ ಕೇಳಿದರು. ಆಡಿಟರದು ಇನ್ನೂ ಸುಲಭದ ದಾರಿ: “ಇರ್ಲಿ ಬಿಡ್ರಿ, ಯಾರ್ ನೋಡ್ತಾರ.”

1955ರ ಪೌರತ್ವ ಕಾಯ್ದೆಯ 9ನೇ ಕಲಮು ನೋಡುತ್ತದೆ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಗಳಿಗೆಗೇ ಭಾರತದ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟ್ ಒಪ್ಪಿಸಿ ಪ್ರಮಾಣಪತ್ರ ತರುವುದೆಲ್ಲ ಆಮೇಲಿನ ಕೆಲಸ. ಐರ್ಲೆಂಡೇನೂ ಹಳೆಯದನ್ನು ಬಿಡು ಎನ್ನುವುದಿಲ್ಲ. ಬಿಡಿಸುವುದು ನಮ್ಮ ಕಾನೂನೇ. ನಿಜವಾಗಿ ‘ಎರಡೂ ಕಡಿ’ ಇರುವವರು ಬೇರೆ: 1998ರ ಶಾಂತಿ ಒಪ್ಪಂದದ ಪ್ರಕಾರ ಉತ್ತರ ಐರ್ಲೆಂಡಿನವರು ಐರಿಶ್ ಎನಿಸಿಕೊಳ್ಳಬಹುದು, ಬ್ರಿಟಿಷ್ ಎನಿಸಿಕೊಳ್ಳಬಹುದು, ಎರಡೂ ಆಗಬಹುದು. ಬೆಲ್‌ಫಾಸ್ಟಿನ ವ್ಯಾಪಾರಿ ಕಂಪನಿ ನೋಂದಣಿಯಲ್ಲಿ ಯಾವುದನ್ನು ಬರೆಯಲಿ ಎಂದು ತಲೆ ಕೆರೆದುಕೊಂಡರೆ ಅದಕ್ಕೆ ಅರ್ಥವಿದೆ. ನಮ್ಮ ಹುಡುಗನಿಗೆ ಆ ಗೊಂದಲ ಇರಬಾರದಿತ್ತು.

ಆದರೂ ಗೊಂದಲ ಇದೆಯಲ್ಲ, ಅದನ್ನು ಹುಟ್ಟಿಸಿದವರು ಯಾರು? 2003ರ ಜನವರಿ 9ರಂದು ಮೊದಲ ಪ್ರವಾಸಿ ಭಾರತೀಯ ದಿವಸದಲ್ಲಿ ಪ್ರಧಾನಿ ವಾಜಪೇಯಿಯವರು ಉಭಯ ಪೌರತ್ವದ ಭರವಸೆ ಕೊಟ್ಟರು. ಕೊನೆಗೆ ಕೈಗೆ ಬಂದದ್ದು ಮತದಾನದ ಹಕ್ಕಿಲ್ಲದ, ಚುನಾವಣೆಗೆ ನಿಲ್ಲಲಾಗದ, ಹೊಲ ಕೊಳ್ಳಲಾಗದ, ‘ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ’ (ಒಸಿಐ) ಎಂಬ ಒಂದು ಕಾರ್ಡು. ವೀಸಾ ತಾಪತ್ರಯ ತಪ್ಪಿಸುವುದಕ್ಕೆ ಅದು ಒಳ್ಳೆಯದೇ. ಆದರೆ ಅದು ಪೌರತ್ವವಲ್ಲ ಎಂದು ಜನರ ಭಾಷೆಯಲ್ಲಿ ಗಟ್ಟಿಯಾಗಿ ಹೇಳುವ ಗೋಜಿಗೆ ಸರ್ಕಾರ ಹೋಗಲಿಲ್ಲ. 2022ರ ಒಂದೇ ವರ್ಷ 2,25,620 ಮಂದಿ ಭಾರತದ ಪೌರತ್ವ ಬಿಟ್ಟಿದ್ದಾರೆ. ಅವರಲ್ಲಿ ಎಷ್ಟೋ ಮಂದಿಯ ಹೆಸರು ಊರಿನ ಮಿಲ್ಲು, ಅಡತ್, ಜಿನ್ನಿಂಗ್ ಫ್ಯಾಕ್ಟರಿಗಳ ಕಾಗದದಲ್ಲಿ ಇದ್ದೇ ಇರಬೇಕು.

ಇಲ್ಲಿ ಹುಟ್ಟಿದವನು ಐರಿಶ್ ಹೇಗಾಗುತ್ತಾನೆ ಎಂಬ ಅಪ್ಪಂದಿರ ಪ್ರಶ್ನೆಗೆ ಉತ್ತರ ನಮ್ಮ ನೆಲದಲ್ಲೇ ಇದೆ. 1948ರ ಸೆಪ್ಟೆಂಬರ್‌ವರೆಗೆ ನಮ್ಮ ಹಿರಿಯರು ನಿಜಾಮನ ಪ್ರಜೆಗಳು. ಅಕ್ಕಲಕೋಟೆ ಬೇರೆ ಸಂಸ್ಥಾನ, ಸೋಲಾಪುರ ಇಂಗ್ಲಿಷರದು. ಸರಕಿನ ಗಾಡಿ ಕರೋಡಗಿರಿ ನಾಕಾದಲ್ಲಿ ನಿಂತು ಸುಂಕ ಕಟ್ಟಬೇಕಿತ್ತು. ಹಾಗಂತ ಗಡಿಯಾಚೆ ಹೆಣ್ಣು ಕೊಟ್ಟು ತರುವುದು ನಿಂತಿತೇ? ಯಾವ ದೊರೆಯ ಪ್ರಜೆ ಎಂದು ಕೇಳಿದರೆ ಇದ್ದದ್ದನ್ನು ಹೇಳುತ್ತಿದ್ದರು, ಬೀಗರ ಮನೆಯ ಊಟವನ್ನೂ ಉಣ್ಣುತ್ತಿದ್ದರು.

ನಿಜ ಬರೆದರೆ ಮಗನ ನಿರ್ದೇಶಕ ಸ್ಥಾನ ಹೋಗುತ್ತದೆ ಎಂಬುದು ದೊಡ್ಡ ಹೆದರಿಕೆ. ಹೋಗುವುದಿಲ್ಲ. 2013ರ ಕಂಪನಿ ಕಾಯ್ದೆ ಕೇಳುವುದು ನಿರ್ದೇಶಕರಲ್ಲಿ ಒಬ್ಬರಾದರೂ ವರ್ಷದಲ್ಲಿ 182 ದಿನ ಭಾರತದಲ್ಲಿರಬೇಕು ಎಂದು ಮಾತ್ರ. ತಂದೆ ಇಲ್ಲೇ ಇದ್ದಾರೆ, ಅಲ್ಲಿಗೆ ಆಯಿತು. ಹೂಡಿದ ಹಣ ಹೊರದೇಶಕ್ಕೆ ವಾಪಸ್ ಒಯ್ಯದ ಷರತ್ತಿನ ಮೇಲೆ ಒಸಿಐ ಕಾರ್ಡುದಾರರು ಹಾಕುವ ಬಂಡವಾಳವನ್ನು ವಿದೇಶಿ ವಿನಿಮಯದ ನಿಯಮಗಳು ದೇಶದೊಳಗಿನ ಹೂಡಿಕೆಗೆ ಸಮ ಎಂದೇ ನೋಡುತ್ತವೆ. ಬೇಸಾಯದ ಕಂಪನಿ, ರಿಯಲ್ ಎಸ್ಟೇಟ್‌ನಂಥ ಕೆಲವಕ್ಕೆ ಮಾತ್ರ ತಡೆ. ಅಪಾಯ ಇರುವುದು ಬಚ್ಚಿಡುವುದರಲ್ಲೇ. ಇದೇ ಮನೆಯಲ್ಲಿ ಮಿಲ್ಲಿಗೆ ಹತ್ತಿದ ಎರಡೆಕರೆ ಹೊಲವನ್ನು ಹಿರಿಯ ಮಗನ ಹೆಸರಿಗೆ ಖರೀದಿಸುವ ಮಾತು ನಡೆದಿತ್ತು. ತಂದೆಯಿಂದ ವಾರಸಾ ಆಗಿ ಬರುವ ಹೊಲಕ್ಕೆ ಅಡ್ಡಿಯಿಲ್ಲ, ಖರೀದಿಗೆ ಇದೆ. ಕಂಪನಿಯಲ್ಲಿ ‘ಇಂಡಿಯನ್’ ಎಂದು ಬರೆದವನು ಸಬ್ ರಿಜಿಸ್ಟ್ರಾರ್ ಮುಂದೆಯೂ ಅದನ್ನೇ ಹೇಳುತ್ತಾನೆ. ಸಿಕ್ಕಿಬಿದ್ದರೆ ವಿದೇಶಿ ವಿನಿಮಯದ ಫೆಮಾ ಕಾಯ್ದೆಯಲ್ಲಿ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ದಂಡವಿದೆ. ನಮೂನೆಯಲ್ಲಿ ತಿಳಿದೂ ಸುಳ್ಳು ಬರೆದರೆ ಕಂಪನಿ ಕಾಯ್ದೆಯ 448ನೇ ಕಲಮು ಅದನ್ನು ವಂಚನೆಯ ಶಿಕ್ಷೆಗೆ ಒಯ್ಯುತ್ತದೆ. “ಯಾರ್ ನೋಡ್ತಾರ” ಎಂದ ಆಡಿಟರು ಆಗ ಜೊತೆಗೆ ಬರುವರೇ?

ರಾಷ್ಟ್ರೀಯತೆಯ ಕಾಲಂ ಬರೀ ಶಾಸ್ತ್ರಕ್ಕೆ ಇಟ್ಟದ್ದೂ ಅಲ್ಲ. ಭಾರತದೊಂದಿಗೆ ಭೂಗಡಿ ಹಂಚಿಕೊಂಡ ದೇಶಗಳ ಪ್ರಜೆ ನಿರ್ದೇಶಕನಾಗಬೇಕಾದರೆ ಗೃಹ ಸಚಿವಾಲಯದ ಅನುಮತಿ ಬೇಕೆಂದು 2022ರ ಜೂನ್‌ನಿಂದ ನಿಯಮವಿದೆ. ಎಲ್ಲರೂ ತಮಗೆ ತೋಚಿದ್ದನ್ನು ಬರೆದರೆ ಅಂಥ ನಿಯಮ ಇಟ್ಟು ಫಲವೇನು?

ಹಾಗಾಗಿ ಐರಿಶ್ ಆದವರು ಐರಿಶ್ ಎಂದೇ ಬರೆಯಲಿ. ಬದಲಾವಣೆಯನ್ನು 30 ದಿನಗಳೊಳಗೆ ತಿಳಿಸಬೇಕೆಂಬ ನಿಯಮ ಈಗಲೂ ಇದೆ. ಆದರೆ ಕಂಪನಿ ವ್ಯವಹಾರಗಳ ಸಚಿವಾಲಯವೂ ತನ್ನ ಕೆಲಸ ಮಾಡಲಿ. ಕಂಪನಿ ಸ್ಥಾಪಿಸಲು ಬರುವ ವಿದೇಶಿಯರಿಗೆ ಬಿಸಿನೆಸ್ ವೀಸಾ ಬೇಕು, ಒಸಿಐ ಕಾರ್ಡುದಾರರಿಗೆ ಬೇಡ ಎಂದು ಅದರ ನಿಯಮದಲ್ಲೇ ಇದೆ. ನಿಯಮಕ್ಕೆ ಗೊತ್ತಿರುವ ಕಾರ್ಡಿಗೆ ನಿರ್ದೇಶಕರ ನಮೂನೆಯಲ್ಲಿ ಒಂದು ಕಾಲಂ ಏಕಿಲ್ಲ? ರಾಷ್ಟ್ರೀಯತೆ ಐರಿಶ್, ಪಕ್ಕದಲ್ಲಿ ಒಸಿಐ ಸಂಖ್ಯೆ ಎಂದಿದ್ದರೆ “ಎರಡೂ ಕಡಿ” ಎನ್ನುವ ಹುಡುಗನಿಗೂ ಸಮಾಧಾನ, ದಾಖಲೆಯೂ ನೆಟ್ಟಗೆ. ಭಾರತದ ರಾಯಭಾರ ಕಚೇರಿಯೇ ಪರಿಶೀಲಿಸಿ ಕಾರ್ಡು ಕೊಟ್ಟ ಮನುಷ್ಯ ಪುನಃ ಡಬ್ಲಿನ್‌ನಲ್ಲಿ ನೋಟರಿ, ಅಪೊಸ್ಟಿಲ್ ಎಂದು ಅಲೆಯುವುದು ತಪ್ಪಲಿ. ನಮೂನೆಯ ವಿವರಣೆ ಕನ್ನಡದಲ್ಲಿಯೂ ಸಿಗಲಿ. ಡಬ್ಲಿನ್‌ನ ಮಗ ಇಂಗ್ಲಿಷ್ ಓದಬಲ್ಲ, ಕೆಳಗೆ ಸಹಿ ಹಾಕುವ ಅಪ್ಪನಿಗೆ ಅದು ಬರುವುದಿಲ್ಲ.

ಇತಿ,
ಒಬ್ಬ ಹಳೆಯ ಮುನೀಮ
ಖಜೂರಿ, ಆಳಂದ ತಾಲ್ಲೂಕು