ಎತ್ತಿಗೆ ಜ್ವರ, ಎಮ್ಮೆಗೆ ಬರೆ



ಕಾರಿನ ಮುಂಭಾಗದ ಫಲಕದಲ್ಲಿ ಎಂಜಿನ್ನಿನ ದೀಪ ಹೊತ್ತಿಕೊಂಡಾಗ, ಸ್ಕ್ಯಾನರ್ ಎಂಬ ಯಂತ್ರ ತೋರಿಸುವ ಸಂಖ್ಯೆಯನ್ನೇ ರೋಗದ ಹೆಸರೆಂದು ಭಾವಿಸಿ, ಆ ಸಂಖ್ಯೆಗೆ ಸಂಬಂಧಿಸಿದ ಭಾಗವನ್ನು ಕಿತ್ತು ಹೊಸದನ್ನು ಹಾಕಿಬಿಡುವ ಪದ್ಧತಿ ಇಂದು ಎಲ್ಲೆಡೆ ಬೇರೂರಿದೆ. ಇದು ದುಡ್ಡಿನ ಪೋಲು ಮಾತ್ರವಲ್ಲ, ವಿಚಾರಶಕ್ತಿಯ ಪೋಲೂ ಹೌದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೈಸ್ಕೂಲಿನಲ್ಲಿ ವಿಜ್ಞಾನ ಬೋಧಿಸಿ ನಿವೃತ್ತನಾದವನಿಗೆ ಗ್ಯಾರೇಜಿನ ಗೊಡವೆ ಏಕೆ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಕಾರ್ಯ ಕಾರಣಗಳ ಸಂಬಂಧವನ್ನು ಅರಸುವುದೇ ವಿಜ್ಞಾನವಾದರೆ, ಗ್ಯಾರೇಜು ಕೂಡ ಒಂದು ಪ್ರಯೋಗಶಾಲೆಯೇ ಅಲ್ಲವೇ?

ಮೊದಲಿಗೆ ಮಿಸ್‌ಫೈರ್ ಎಂದರೇನು ಎಂಬುದನ್ನು ನೋಡೋಣ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ನಾಲ್ಕೂ ಸಿಲಿಂಡರುಗಳಲ್ಲಿ ಸರದಿಯಂತೆ ಒಮ್ಮೊಮ್ಮೆ ಇಂಧನ ಉರಿಯಬೇಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 100 ಬಾರಿ ಈ ಕ್ರಿಯೆ ನಡೆಯುತ್ತದೆ. ಹಿಂದೆ ಹಳ್ಳಿಗಳಲ್ಲಿ ಮೂವರು ನಾಲ್ವರು ಹೆಂಗಸರು ಒಂದೇ ಒರಳಿನ ಸುತ್ತ ನಿಂತು ಸರದಿಯಂತೆ ಒನಕೆ ಹಾಕುತ್ತಿದ್ದುದನ್ನು ನೆನೆಸಿಕೊಳ್ಳಿ. ಒಬ್ಬರು ಪೆಟ್ಟು ತಪ್ಪಿಸಿದರೆ ಪಡಸಾಲೆಯಲ್ಲಿ ಕುಳಿತವರಿಗೂ ಲಯ ಕೆಟ್ಟದ್ದು ತಿಳಿಯುತ್ತಿತ್ತು. ಕಾರಿನ ಗಣಕವೂ ಹೀಗೆಯೇ. ಅದು ಸಿಲಿಂಡರಿನ ಒಳಗೆ ಇಣುಕಿ ನೋಡುವುದಿಲ್ಲ. ಪ್ರತಿ ಉರಿಯೂ ಕ್ರ್ಯಾಂಕ್‌ಶಾಫ್ಟಿಗೆ ಕೊಡುವ ಸಣ್ಣ ನೂಕನ್ನು ಅಳೆಯುತ್ತಿರುತ್ತದೆ. ಯಾವ ಸರದಿಯಲ್ಲಿ ನೂಕು ಸಿಗಲಿಲ್ಲವೋ ಆ ಸಿಲಿಂಡರಿನ ಹೆಸರು ಬರೆದುಕೊಳ್ಳುತ್ತದೆ. ಪಿ0301 ಎಂದರೆ ಒಂದನೆಯ ಸಿಲಿಂಡರು, ಪಿ0302 ಎಂದರೆ ಎರಡನೆಯದು. ಪಿ0300 ಎಂದರೆ ಇಂಥದೇ ಎಂದು ಹೇಳಲಾಗದು, ಲಯವಂತೂ ತಪ್ಪುತ್ತಿದೆ ಎಂದರ್ಥ.

ಇನ್ನು ಕ್ಯಾಮ್‌ಶಾಫ್ಟ್ ಸೆನ್ಸರಿನ ಕೆಲಸ. ಕ್ಯಾಮ್‌ಶಾಫ್ಟ್ ಕ್ರ್ಯಾಂಕ್‌ಶಾಫ್ಟಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಪಿಸ್ಟನ್ ಮೇಲಕ್ಕೆ ಬಂದಿದೆ ಎಂಬುದನ್ನು ಕ್ರ್ಯಾಂಕ್ ಸೆನ್ಸರ್ ಹೇಳಬಲ್ಲುದು. ಆದರೆ ಅದು ಇಂಧನವನ್ನು ಒತ್ತಲು ಬಂದಿದೆಯೋ, ಹೊಗೆಯನ್ನು ಹೊರದೂಡಲು ಬಂದಿದೆಯೋ ಎಂಬುದನ್ನು ತಿಳಿಸುವುದು ಕ್ಯಾಮ್ ಸೆನ್ಸರ್. ಇಬ್ಬರ ಮಾತೂ ತಾಳೆಯಾದಾಗಲೇ ಯಾವ ಸಿಲಿಂಡರಿಗೆ ಯಾವಾಗ ಕಿಡಿ, ಯಾವಾಗ ಪೆಟ್ರೋಲು ಎಂಬುದನ್ನು ಗಣಕ ನಿಖರವಾಗಿ ನಿರ್ಧರಿಸಬಲ್ಲುದು.

ಈಗ ತರಗತಿಯ ಹಾಜರಿ ಪುಸ್ತಕವನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೇಷ್ಟ್ರು ಹೆಸರು ಕೂಗಿದರು, ಉತ್ತರ ಬರಲಿಲ್ಲ, 'ಗೈರು' ಎಂದು ಬರೆದರು. ಕ್ಯಾಮ್ ಸೆನ್ಸರಿನ ಪಿ0340 ಎಂಬ ಸಂಖ್ಯೆಯ ತಾತ್ಪರ್ಯ ಇಷ್ಟೇ. ಹುಡುಗ ನಿಜವಾಗಿಯೂ ಬಂದಿಲ್ಲದಿರಬಹುದು, ಅಂದರೆ ಸೆನ್ಸರ್ ಸತ್ತಿರಬಹುದು. ಹುಡುಗ ಬಂದಿದ್ದು, 'ಹಾಜರ್ ಸಾರ್' ಎಂದು ಕೂಗಿದ್ದರೂ ತಗಡಿನ ಮಾಡಿನ ಮೇಲೆ ಸುರಿಯುವ ಮಳೆಯ ಸದ್ದಿನಲ್ಲಿ ಅದು ಮೇಷ್ಟ್ರಿಗೆ ಕೇಳಿಸದೆಯೂ ಇರಬಹುದು. ಹಾಗೆಂದರೆ ವೈರು ತುಂಡಾಗಿರಬಹುದು, ಇಲಿ ಕಡಿದಿರಬಹುದು, ಕನೆಕ್ಟರಿನಲ್ಲಿ ಕಿಲುಬು ಕಟ್ಟಿರಬಹುದು, ಸೆನ್ಸರಿಗೆ ವಿದ್ಯುತ್ತು ತಲುಪದಿರಬಹುದು. ಪಿ0341 ಎಂದರೆ ಹುಡುಗ ಉತ್ತರವನ್ನೇನೋ ಕೊಟ್ಟ, ಆದರೆ ಕೊಡಬೇಕಾದ ರೀತಿಯಲ್ಲಿ ಕೊಡಲಿಲ್ಲ ಎಂದರ್ಥ. ಪಿ0016 ಎಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಇವೆರಡರ ಲೆಕ್ಕ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದರ್ಥ. ಟೈಮಿಂಗ್ ಚೈನು ಸವೆದು ಉದ್ದವಾದಾಗ, ಇಲ್ಲವೇ ಬೆಲ್ಟು ಒಂದು ಹಲ್ಲು ಜಾರಿದಾಗ ಹೀಗಾಗುವುದುಂಟು. ಆಗ ಸೆನ್ಸರ್ ಹೇಳುತ್ತಿರುವುದು ಸತ್ಯವನ್ನೇ. ಅದನ್ನು ಬದಲಾಯಿಸುವುದೆಂದರೆ ಸತ್ಯ ನುಡಿದ ಸಾಕ್ಷಿಗೇ ಶಿಕ್ಷೆ ವಿಧಿಸಿದಂತೆ. ಚೈನು ಮಾತ್ರ ಒಳಗೇ ಸವೆಯುತ್ತ ಹೋಗಿ, ಪೂರ್ತಿ ಜಾರಿದ ದಿನ ಎಷ್ಟೋ ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ.

ಈ ಮಾತಿಗೆ ನನ್ನ ತಂಗಿಯ ಮಗನ ಕಾರೇ ಒಳ್ಳೆಯ ನಿದರ್ಶನ. ಹತ್ತು ವರ್ಷ ಹಳೆಯ ಪೆಟ್ರೋಲ್ ಕಾರು. ಏರು ಹತ್ತುವಾಗ ಎಳೆದೆಳೆದು ನಿಲ್ಲುವಂತಾಗುತ್ತಿತ್ತು, ಕೆಲವೊಮ್ಮೆ ನಿಂತೇಬಿಡುತ್ತಿತ್ತು. ಊರಿನ ಒಂದು ದೊಡ್ಡ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಪಿ0300 ಮತ್ತು ಪಿ0340 ಎರಡೂ ಬಂದವು. ಕ್ಯಾಮ್ ಸೆನ್ಸರ್ ಬದಲಾಯಿತು, ಸಂಖ್ಯೆಗಳನ್ನು ಅಳಿಸಿ ಕಳುಹಿಸಿದರು. ಹದಿನೈದು ದಿನಕ್ಕೆ ದೀಪ ಮತ್ತೆ ಹೊತ್ತಿತು. ಸ್ಪಾರ್ಕ್ ಪ್ಲಗ್ಗುಗಳು ಬದಲಾದವು. ಮತ್ತೆ ದೀಪ. ನಾಲ್ಕು ಇಗ್ನಿಷನ್ ಕಾಯಿಲುಗಳು ಬದಲಾದವು. ಮತ್ತೆ ದೀಪ. ಎರಡನೆಯ ಸಲ ಸೆನ್ಸರೂ ಬದಲಾಯಿತು. ಕೊನೆಗೆ 'ಎಂಜಿನ್ ಬಿಚ್ಚಬೇಕು' ಎಂಬ ತೀರ್ಪು ಬಂತು. ಅಷ್ಟರಲ್ಲಿ ಖರ್ಚು ಹದಿನೆಂಟು ಸಾವಿರ ದಾಟಿತ್ತು.

ಆಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿಗೆ ಕಾರು ಹೋಯಿತು. ಐಟಿಐ ಮುಗಿಸಿ ಹೆದ್ದಾರಿಯ ಬದಿಯಲ್ಲಿ ಸಣ್ಣ ಗ್ಯಾರೇಜು ಇಟ್ಟುಕೊಂಡವನು ಅವನು. ಅವನು ಮೊದಲು ಸ್ಕ್ಯಾನರ್ ಮುಟ್ಟಲಿಲ್ಲ, ಪ್ರಶ್ನೆ ಕೇಳಿದ. 'ತಣ್ಣಗಿದ್ದಾಗ ಹೀಗಾಗುತ್ತದೋ, ಬಿಸಿಯಾದ ಮೇಲೋ? ಸಮದಾರಿಯಲ್ಲಿ ಆಗುತ್ತದೋ, ಏರಿನಲ್ಲಿ ಮಾತ್ರವೋ? ಇದು ಶುರುವಾಗುವುದಕ್ಕೆ ಮುಂಚೆ ಏನು ಕೆಲಸ ಮಾಡಿಸಿದ್ದಿರಿ?' ಕ್ಲಚ್ಚು ಬದಲಾಯಿಸಿದ ಮೇಲೆ ಶುರುವಾಯಿತೆಂಬುದು ಆಗ ನೆನಪಿಗೆ ಬಂತು. ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ನಿನ ವೇಗ, ಭಾರ, ಉಷ್ಣತೆಗಳು ಎಷ್ಟಿದ್ದವೆಂಬುದನ್ನು ಗಣಕ ಬರೆದಿಟ್ಟಿರುತ್ತದೆ. ಅದನ್ನು ಓದಿದ. ಭಾರ ಹೆಚ್ಚಿದಾಗಲೇ ದೋಷ ಕಾಣಿಸಿಕೊಂಡಿತ್ತು. ಬಳಿಕ ಸೆನ್ಸರಿನ ಕನೆಕ್ಟರಿಗೆ ಮಲ್ಟಿಮೀಟರ್ ಹಿಡಿದು, ವೈರಿನ ಕಟ್ಟನ್ನು ಮೆಲ್ಲಗೆ ಅಲ್ಲಾಡಿಸುತ್ತ ಹೋದ. ಒಂದೆಡೆ ಕೈ ತಾಗಿದಾಗ ಮೀಟರಿನ ಅಂಕಿ ಥಟ್ಟನೆ ಬಿದ್ದಿತು. ಕ್ಲಚ್ಚಿನ ಕೆಲಸದ ಬಳಿಕ ಯಾರೋ ವೈರಿನ ಕಟ್ಟನ್ನು ಅದರ ಕ್ಲಿಪ್ಪಿಗೆ ಮರಳಿ ಸಿಕ್ಕಿಸಿರಲಿಲ್ಲ. ಅದು ಕಬ್ಬಿಣದ ಪಟ್ಟಿಯೊಂದಕ್ಕೆ ಉಜ್ಜಿ ಉಜ್ಜಿ ಒಳಗಿನ ತಾಮ್ರ ಬಯಲಾಗಿತ್ತು. ಏರಿನಲ್ಲಿ ಎಂಜಿನ್ ತನ್ನ ಪೀಠದ ಮೇಲೆ ವಾಲಿದಾಗ ತಾಮ್ರ ಕಬ್ಬಿಣಕ್ಕೆ ತಾಗಿ ಸೆನ್ಸರಿನ ಸುದ್ದಿ ಕಡಿದುಹೋಗುತ್ತಿತ್ತು. ವೈರು ದುರಸ್ತಿ ಮಾಡಿ, ಟೇಪು ಸುತ್ತಿ, ಕ್ಲಿಪ್ಪಿಗೆ ಸಿಕ್ಕಿಸಿದ. ಆಮೇಲೆ ದೀಪ ಹೊತ್ತಲಿಲ್ಲ.

ಅವನು ಕೇಳಿದ್ದು 800 ರೂಪಾಯಿ ಮಾತ್ರ. ಅದಕ್ಕೆ ನನ್ನ ಸೋದರಳಿಯ ಹೊರಗೆ ಬಂದ ಮೇಲೆ ನನ್ನಲ್ಲಿ ಹೇಳಿದ ಮಾತು ಕೇಳಿ: 'ಬರೀ ಟೇಪು ಸುತ್ತಿದ್ದಕ್ಕೆ ಎಂಟುನೂರಾ ಮಾವ?' ಭಾಗಗಳಿಗೆ ಹದಿನೆಂಟು ಸಾವಿರ ತೆರುವಾಗ ತುಟಿ ಬಿಚ್ಚದವನು ಬುದ್ಧಿಗೆ ಎಂಟುನೂರು ಕೊಡುವಾಗ ಚೌಕಾಶಿಗಿಳಿದಿದ್ದ!

ನನ್ನ ತಕರಾರಿನ ಮೂಲವಿರುವುದು ಇಲ್ಲಿಯೇ. ಡಬ್ಬಿಯಲ್ಲಿ ಬರುವ ವಸ್ತುವಿಗೆ ನಾವು ಬೆಲೆ ಕೊಡುತ್ತೇವೆ, ಅದು ಬೇಕೋ ಬೇಡವೋ ಎಂದು ನಿರ್ಧರಿಸುವ ವಿವೇಕಕ್ಕೆ ಕೊಡುವುದಿಲ್ಲ. ಎರಡು ಗಂಟೆ ಪರೀಕ್ಷಿಸಿ 'ಸೆನ್ಸರ್ ಸರಿಯಾಗಿದೆ' ಎಂದು ಹೇಳುವ ಮೆಕ್ಯಾನಿಕ್ಕಿಗೆ ಕೂಲಿ ದಕ್ಕದು, ಅರ್ಧ ಗಂಟೆಯಲ್ಲಿ ಸೆನ್ಸರ್ ಬದಲಾಯಿಸುವವನಿಗೆ ಕೂಲಿಯ ಜೊತೆಗೆ ಲಾಭವೂ ಉಂಟು. ಹೀಗಿರುವಾಗ ಯಾವ ಮೆಕ್ಯಾನಿಕ್ ತಾನೇ ವಿಚಾರಮಾಡಿಯಾನು?

ಮೆಕ್ಯಾನಿಕ್ಕುಗಳ ಪರವಾಗಿಯೂ ಎರಡು ಮಾತು ಹೇಳಬೇಕು. ಕ್ಯಾಮ್ ಸೆನ್ಸರುಗಳು ಕೆಡುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಎಂಜಿನ್ನಿನ ಶಾಖಕ್ಕೆ ಸಿಕ್ಕಿ ಅವು ಕೆಡುತ್ತವೆ. ಬಿಸಿಯಾದಾಗ ಸತ್ತು, ತಣ್ಣಗಾದಾಗ ಮತ್ತೆ ಜೀವ ತಳೆಯುವ ಸೆನ್ಸರುಗಳೂ ಉಂಟು. ಸಣ್ಣ ಗ್ಯಾರೇಜುಗಳಿಗೆ ತಯಾರಕರ ವೈರಿಂಗ್ ನಕ್ಷೆಗಳು ಸುಲಭವಾಗಿ ಕೈಗೆ ಸಿಗುವುದಿಲ್ಲ. ಸಂಜೆಯೊಳಗೆ ಗಾಡಿ ಬೇಕೆಂದು ಅವಸರಪಡಿಸುವವರೂ ನಾವೇ. ಆದರೂ ಬದಲಾಯಿಸುವ ಮುನ್ನ ಪರೀಕ್ಷಿಸಬೇಕೆಂಬ ನಿಯಮಕ್ಕೆ ಇವಾವುವೂ ವಿನಾಯಿತಿಯಾಗಲಾರವು. ಪರೀಕ್ಷೆಗಳೇನೂ ದುಬಾರಿಯಲ್ಲ. ಪಿ0302 ಬಂದಿದೆಯೇ? ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ಕಾಯಿಲನ್ನು ಅದಲುಬದಲು ಮಾಡಿ ಓಡಿಸಿ. ದೋಷ ಪಿ0303ಕ್ಕೆ ಹೋದರೆ ಕಾಯಿಲಿನ ತಪ್ಪು. ಅಲ್ಲಿಯೇ ಉಳಿದರೆ ಕಾಯಿಲು ನಿರಪರಾಧಿ, ಪ್ಲಗ್ಗು, ಇಂಜೆಕ್ಟರು, ಕಂಪ್ರೆಷನ್ನುಗಳತ್ತ ನೋಡಬೇಕು. ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದವನ್ನು ಹಾಗೆಯೇ ಇರಿಸಿ ಫಲಿತಾಂಶ ನೋಡಬೇಕೆಂದು ಎಂಟನೆಯ ತರಗತಿಯಲ್ಲಿ ನಿಮಗೆ ಹೇಳಿಕೊಟ್ಟ ಪಾಠವೇ ಇದು!

ಕಾರು ಇಟ್ಟುಕೊಂಡವರಿಗೂ ನನ್ನ ಸೂಚನೆಗಳುಂಟು. ಮೊದಲನೆಯದಾಗಿ, ಎಂಜಿನ್ ದೀಪ ಮಿನುಗುತ್ತಿದ್ದರೆ ಗಾಡಿ ಓಡಿಸುತ್ತ ಹೋಗಬೇಡಿ. ಉರಿಯದೆ ಹೊರಬಿದ್ದ ಪೆಟ್ರೋಲು ಹೊಗೆ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೇ ಸುಡುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳಂಥ ಬೆಲೆಬಾಳುವ ಲೋಹಗಳಿರುವ ಭಾಗವದು. ಎರಡನೆಯದಾಗಿ, ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವ ಮೊದಲು ಅಳಿಸಲು ಬಿಡಬೇಡಿ, ಅದರೊಡನೆ ಇತರ ದಾಖಲೆಯೂ ಅಳಿಸಿಹೋಗುತ್ತದೆ. ಮೂರನೆಯದಾಗಿ, 'ಯಾವ ಭಾಗ ಹಾಕುತ್ತೀರಿ?' ಎಂದು ಕೇಳುವ ಬದಲು 'ಏನು ಪರೀಕ್ಷೆ ಮಾಡಿದಿರಿ?' ಎಂದು ಕೇಳಿ. ಪರೀಕ್ಷೆಯ ಕೂಲಿಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆಯಲು ಹೇಳಿ, ಸಂತೋಷದಿಂದ ಕೊಡಿ.

ಈ ಸ್ವಯಂಪರೀಕ್ಷೆಯ ವ್ಯವಸ್ಥೆ ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಏಕರೂಪವಾಗಿ ಕಡ್ಡಾಯವಾದದ್ದು ಮುಖ್ಯವಾಗಿ ವಾಯುಮಾಲಿನ್ಯ ತಡೆಗಾಗಿ. ನಮ್ಮಲ್ಲಿಯೂ ಭಾರತ್ ಸ್ಟೇಜ್ ಮಾನದಂಡಗಳ ಅಂಗವಾಗಿಯೇ ಅದು ಬಂದಿತು. ಎಂಜಿನ್ನಿನಲ್ಲಿ ಏನೋ ಕೆಟ್ಟಿದೆ ಎಂದು ಎಚ್ಚರಿಸುವುದಷ್ಟೇ ಆ ದೀಪದ ಕೆಲಸ, ಏನು ಕೆಟ್ಟಿದೆ ಎಂದು ಕಂಡುಹಿಡಿಯುವುದು ಮನುಷ್ಯನ ಕೆಲಸ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಇಲ್ಲಿ ಪ್ರತ್ಯಕ್ಷವಾಗಿ ಕಾಣುವುದು ಒಂದು ಸಂಖ್ಯೆ ಮಾತ್ರ.

ನನ್ನ ಶಿಷ್ಯರಲ್ಲಿ ಗ್ಯಾರೇಜು ನಡೆಸುವವರು ಹಲವರಿದ್ದೀರಿ. ಮೀಟರ್ ಹಿಡಿದು ಕಾರಣ ಹುಡುಕುವ ನಿಮ್ಮ ಶ್ರಮಕ್ಕೆ ಸಂಕೋಚವಿಲ್ಲದೆ ಕೂಲಿ ಕೇಳಿರಿ. ಕೊಡಲು ಹಿಂಜರಿಯುವ ಗಿರಾಕಿಯಿದ್ದರೆ ನನ್ನ ಬಳಿಗೆ ಕಳುಹಿಸಿರಿ, ಹಾಜರಿ ಪುಸ್ತಕದ ಪಾಠವನ್ನು ಇನ್ನೊಮ್ಮೆ ಮಾಡಲು ನಾನು ಸಿದ್ಧನಿದ್ದೇನೆ.